ಸುಳೇಭಾವಿಯ ಬಾಲಗಾಯಕ

ಸಂಘದ ಸಮಾರಂಭದಲ್ಲಿ ಪುಟ್ಟ ಮಗುವೊಂದು ಸೊಗಸಾಗಿ ಹಾಡಿತೆಂದರೆ "ಟಿ.ವಿ. ಸ್ಪರ್ಧೆಗೆ ಕಳಿಸಿರಿ" ಎಂದು ತಾಯಿತಂದೆಗಳಿಗೆ ಹೇಳುವವರೇ ನಮ್ಮಲ್ಲಿ ಹೆಚ್ಚು. ಠಾಣೆಯಾಗಲಿ, ಡೊಂಬಿವಲಿ-ಕಲ್ಯಾಣಗಳಾಗಲಿ, ನವಿ ಮುಂಬಯಿಯಾಗಲಿ, ಎಲ್ಲೆಡೆಯೂ ಇದೇ ಮಾತು. ಹಾಗೆ ಹೇಳುವ ಮೊದಲು, ಕನ್ನಡ ನಾಡಿನಿಂದ ಮುಂಬಯಿಗೆ ಬಂದ ಒಬ್ಬ ಬಾಲಗಾಯಕನ ಕಥೆಯನ್ನು ನೆನೆಯುವುದು ಒಳಿತು.

ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಹುಟ್ಟಿದ್ದು 1924ರ ಏಪ್ರಿಲ್ 8ರಂದು, ಬೆಳಗಾವಿಗೆ ಸಮೀಪದ ಸುಳೇಭಾವಿಯಲ್ಲಿ. ಗ್ರಾಮಫೋನಿನಲ್ಲಿ ಕೇಳಿದ ದೊಡ್ಡ ಗಾಯಕರ ಚೀಜುಗಳನ್ನು ಈ ಹುಡುಗ ತಾನು-ಮುರುಕಿಗಳ ಸಮೇತ ಹಾಗೆಯೇ ಒಪ್ಪಿಸಿಬಿಡುತ್ತಿದ್ದ. ಕೇಳಿದವರು ಬೆರಗಾದರು. ಸ್ವಾಮಿಗಳೊಬ್ಬರು 'ಕುಮಾರ ಗಂಧರ್ವ' ಎಂದು ಕರೆದರು, ಬಿರುದೇ ಹೆಸರಾಯಿತು. ಊರೂರಿನಲ್ಲಿ ಗಾಯನ, ಸನ್ಮಾನ. ಆದರೆ ಕೊರಳು ಅವನದು, ಹಾಡುಗಾರಿಕೆ ಪರರದು.

ಮುಂಬಯಿಯ ಸಂಗೀತ ಪರಿಷತ್ತಿನಲ್ಲೂ ಬಾಲಕ ಸಭೆಯನ್ನು ಗೆದ್ದ. ಆ ಬಳಿಕ, 1936ರ ಸುಮಾರಿಗೆ, ತಂದೆ ಅವನನ್ನು ಪ್ರೊ. ಬಿ. ಆರ್. ದೇವಧರರಿಗೆ ಒಪ್ಪಿಸಿದರು. ಅವರ ಸಂಗೀತ ಶಾಲೆ ಗಿರಗಾಂವದ ಆಪೆರಾ ಹೌಸ್ ಬಳಿಯಲ್ಲಿತ್ತು. ಒಂದೇ ಘರಾಣೆಗೆ ಕಟ್ಟುಬೀಳದ ಆ ಗುರುಗಳ ಬಳಿ ಸುಮಾರು ಹತ್ತು ವರ್ಷ ಕಲಿಕೆ ನಡೆಯಿತು. ಊರೆಲ್ಲ ಹೊಗಳುವ ಮಗನನ್ನು ಮತ್ತೆ ವಿದ್ಯಾರ್ಥಿಯಾಗಿ ಕೂರಿಸುವುದು ತಂದೆಯೊಬ್ಬನಿಗೆ ಸಣ್ಣ ಮಾತೇನು?

ನಿಜವಾದ ಪರೀಕ್ಷೆ ಮುಂದೆ ಬಂತು. 1947ರಲ್ಲಿ ಸಹಪಾಠಿ ಭಾನುಮತಿಯವರೊಡನೆ ಮದುವೆ. ಅದರ ಬೆನ್ನಿಗೇ ಕ್ಷಯರೋಗ. ಒಣಹವೆಗಾಗಿ ದಂಪತಿಗಳು ಮಧ್ಯಭಾರತದ ದೇವಾಸಕ್ಕೆ ಹೋದರು. ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಭಾನುಮತಿ ಶಾಲೆಯಲ್ಲಿ ಕಲಿಸಿ ಸಂಸಾರ ನಡೆಸಿದರು. ಹಾಸಿಗೆ ಹಿಡಿದ ಗಾಯಕನ ಕಿವಿಗೆ ಮಾತ್ರ ಬಿಡುವಿರಲಿಲ್ಲ. ಮಾಳವದ ಹೆಂಗಳೆಯರ ಹಾಡು, ಬೀದಿಯ ಭಜನೆ ಎಲ್ಲವೂ ಮನಸ್ಸಿನಲ್ಲಿ ಇಳಿದವು. ಅಮೇರಿಕೆಯಲ್ಲಿ 1943ರಲ್ಲಿ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್ ಕೊನೆಗೆ ಇವರನ್ನೂ ಉಳಿಸಿತು. ಆದರೆ ಒಂದು ಶ್ವಾಸಕೋಶ ಹೆಚ್ಚುಕಡಿಮೆ ಕೆಟ್ಟೇ ಹೋಗಿತ್ತು.

1953ರಲ್ಲಿ ಅವರು ಮತ್ತೆ ಹಾಡಿದರು. ಉದ್ದನೆಯ ಉಸಿರಿಲ್ಲ, ಚಿಕ್ಕ ಚಿಕ್ಕ ಸ್ವರಗುಚ್ಛಗಳಲ್ಲೇ ರಾಗವನ್ನು ಕಟ್ಟುವ ಹೊಸ ದಾರಿ. ಜಾನಪದ ಧಾಟಿಗಳಿಂದ ಹೊಸ ರಾಗಗಳು ಹುಟ್ಟಿದವು. ಕಬೀರರ ನಿರ್ಗುಣ ಭಜನೆಗಳು ಮನೆಮಾತಾದವು. 1961ರಲ್ಲಿ ಭಾನುಮತಿ ತೀರಿಕೊಂಡರು. ಆ ದುಃಖವನ್ನೂ ನುಂಗಿ ಹಾಡಿದರು. 1990ರಲ್ಲಿ ಪದ್ಮವಿಭೂಷಣ, 1992ರ ಜನವರಿ 12ರಂದು ದೇವಾಸದಲ್ಲಿ ನಿಧನ.

ಬಾಲ್ಯದ ಚಪ್ಪಾಳೆಯೊಂದನ್ನೇ ನೆಚ್ಚಿದ್ದರೆ, ರೋಗವು ಕೊರಳನ್ನು ಕಟ್ಟಿಹಾಕಿದ ದಿನವೇ ಎಲ್ಲ ಮುಗಿಯುತ್ತಿತ್ತು. ಕಲಿತ ವಿದ್ಯೆಯಿತ್ತು, ಅದರ ಮೇಲೆ ಹೊಸ ಮನೆ ಕಟ್ಟಲಾಯಿತು. ನಮ್ಮ ಮಕ್ಕಳು ಸ್ಪರ್ಧೆಗೆ ಹೋಗಬಾರದೆಂದಲ್ಲ. ಗೆದ್ದು ಬರಲಿ, ಸೋತು ಬರಲಿ, ಮರುದಿನ ಬೆಳಿಗ್ಗೆ ತಂಬೂರಿಯ ಮುಂದೆ ಕೂರುವ ರೂಢಿ ತಪ್ಪದಿರಲಿ ಎಂಬುದಷ್ಟೇ ತಾಯಿತಂದೆಗಳಲ್ಲಿ ನಮ್ಮ ಅರಿಕೆ.