ವುಝೂ ಮುಗಿಯದಿದ್ದರೆ: ಗೀಳು ಕಾಯಿಲೆಗೆ ಔಷಧವಿದೆ

ಮನೆಯವರೆಲ್ಲ ವುಝೂ ಮಾಡಿ ಎದ್ದರೂ ಕೆಲವರು ನಳದ ಮುಂದೆ ಕುಳಿತೇ ಇರುತ್ತಾರೆ. ಮೊಣಕೈ ನೆನೆಯಿತೋ ಇಲ್ಲವೋ, ಬಟ್ಟೆಗೆ ಹನಿ ಸಿಡಿಯಿತೋ ಏನೋ ಎಂಬ ಸಂಶಯ ಅವರನ್ನು ಬಿಡುವುದಿಲ್ಲ. ಮತ್ತೆ ಮೊದಲಿನಿಂದ ತೊಳೆಯುತ್ತಾರೆ. ಅಷ್ಟರಲ್ಲಿ ಜಮಾಅತ್ ಮುಗಿದಿರುತ್ತದೆ, ಕೈಯ ಚರ್ಮ ಒಡೆದಿರುತ್ತದೆ. ಇನ್ನು ಕೆಲವರು ನಿಯ್ಯತ್ ಸರಿಯಾಗಲಿಲ್ಲವೆಂದು ತಕ್ಬೀರನ್ನು ಹತ್ತಾರು ಸಲ ಹೇಳುತ್ತಾರೆ. ಬೇಡಬೇಡವೆಂದರೂ ಅಲ್ಲಾಹನ ಬಗ್ಗೆ ಕೆಟ್ಟ ವಿಚಾರಗಳು ನುಗ್ಗಿ ಬರುತ್ತವೆಂದು ಒಳಗೊಳಗೇ ಅಳುವವರೂ ಇದ್ದಾರೆ.

ಇಂಥವರನ್ನು ಕಂಡು ಮನೆಯಲ್ಲಿ ಒಬ್ಬರು 'ಬಹಳ ಪರಹೇಜಿನವರು' ಎನ್ನುತ್ತಾರೆ, ಇನ್ನೊಬ್ಬರು 'ಶೈತಾನನ ಕಾಟ' ಎನ್ನುತ್ತಾರೆ. ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಹೊತ್ತು ಇದರಲ್ಲೇ ಹೋಗುತ್ತಿದ್ದರೆ, ಓದು, ಕೆಲಸ, ಸಂಸಾರ ಕೆಡುತ್ತಿದ್ದರೆ ಅದು ಗೀಳು ಕಾಯಿಲೆ, ಅಂದರೆ ಒಸಿಡಿ ಆಗಿರಬಹುದು. ನೂರು ಜನರಲ್ಲಿ ಒಬ್ಬರಿಂದ ಮೂವರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಹೆಚ್ಚಾಗಿ ಶುರುವಾಗುವುದು ಹದಿಹರೆಯದಲ್ಲಿ ಇಲ್ಲವೇ ಇಪ್ಪತ್ತರ ಆಸುಪಾಸಿನಲ್ಲಿ. ಹಿಂದೂ, ಕ್ರೈಸ್ತ, ಮುಸ್ಲಿಂ ಎನ್ನದೆ ಎಲ್ಲರಿಗೂ ಬರುತ್ತದೆ. ಯಾರಿಗೆ ಯಾವುದು ಪವಿತ್ರವೋ ಅದನ್ನೇ ಕಾಯಿಲೆ ಹಿಡಿದುಕೊಳ್ಳುತ್ತದೆ.

ನಮ್ಮ ಪೂರ್ವಿಕರಿಗೆ ಇದು ಹೊಸದಲ್ಲ. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸಿನ ಆರೋಗ್ಯದ ಕುರಿತ ತಮ್ಮ ಗ್ರಂಥದಲ್ಲಿ ವಸ್‌ವಾಸ್‌ಗೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ.

ಮಿದುಳಿನಲ್ಲಿ ಆಗುವುದೇನು? ಕೆಲಸ ಮುಗಿಯಿತೆಂದು ಒಪ್ಪಿಸುವ ಒಂದು ಸುತ್ತು ನಮ್ಮ ಮಿದುಳಿನಲ್ಲಿದೆ. ಅದು ಹಣೆಯ ಹಿಂಭಾಗದಿಂದ ಮಿದುಳಿನ ಆಳದ ಭಾಗಗಳಿಗೆ ಹೋಗಿ ಮರಳುತ್ತದೆ. ಒಸಿಡಿಯಲ್ಲಿ ಈ ಸುತ್ತು ಅತಿಯಾಗಿ ಕೆಲಸ ಮಾಡುತ್ತದೆ. ಕೈ ಸ್ವಚ್ಛವಾಗಿದ್ದರೂ 'ಇನ್ನೂ ಆಗಿಲ್ಲ' ಎಂಬ ಗಂಟೆ ಬಾರಿಸುತ್ತಲೇ ಇರುತ್ತದೆ. ರಕ್ತಸಂಬಂಧಿಗಳಲ್ಲಿ ಈ ಕಾಯಿಲೆ ಇದ್ದರೆ ಬರುವ ಸಾಧ್ಯತೆ ಹೆಚ್ಚು. ಇದು ಈಮಾನಿನ ಕೊರತೆಯಲ್ಲ.

ಮೊದಲು ಕೊಡುವ ಔಷಧಗಳು ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಗುಳಿಗೆಗಳು. ಫ್ಲೂಆಕ್ಸೆಟಿನ್, ಸರ್ಟ್ರಾಲಿನ್, ಫ್ಲೂವೋಕ್ಸಮಿನ್, ಎಸಿಟಲೋಪ್ರಾಮ್ ಇಂಥವು. ಇವು ನಿದ್ದೆಗುಳಿಗೆಗಳಲ್ಲ, ಚಟ ಹಿಡಿಸುವುದಿಲ್ಲ. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ ಒಸಿಡಿಗೆ ಬೇಕಾಗಬಹುದು, ವೈದ್ಯರು ಅದನ್ನು ಹಂತಹಂತವಾಗಿ ಏರಿಸುತ್ತಾರೆ. ಗುಣ ಪೂರ್ತಿ ತಿಳಿಯಲು 8ರಿಂದ 12 ವಾರ ಬೇಕು. ಹದಿನೈದು ದಿನ ನುಂಗಿ 'ಏನೂ ಆಗಲಿಲ್ಲ' ಎಂದು ಬಿಡುವವರೇ ಹೆಚ್ಚು, ಸೋಲುವುದು ಇಲ್ಲಿಯೇ. ಗುಣ ಕಂಡ ಮೇಲೂ ಕನಿಷ್ಠ ಒಂದೆರಡು ವರ್ಷ ಮುಂದುವರಿಸಬೇಕು. ಏಕಾಏಕಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ.

ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದು, ತಲೆನೋವು, ನಿದ್ದೆಯ ಏರುಪೇರು ಆಗಬಹುದು, ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ದಾಂಪತ್ಯದ ಆಸಕ್ತಿ ಕುಗ್ಗಿದರೆ ನಾಚದೆ ವೈದ್ಯರಿಗೆ ಹೇಳಬೇಕು. ಹರೆಯದವರಲ್ಲಿ ಆರಂಭದ ವಾರಗಳಲ್ಲಿ ಚಡಪಡಿಕೆ ಅಥವಾ ಸಾಯುವ ವಿಚಾರ ಕಂಡರೆ ತಡಮಾಡದೆ ತೋರಿಸಬೇಕು. ಬಸುರಿಯರು ವೈದ್ಯರನ್ನು ಕೇಳದೆ ಶುರು ಮಾಡಲೂಬಾರದು, ನಿಲ್ಲಿಸಲೂಬಾರದು.

ಇವುಗಳಿಂದ ಸಾಕಷ್ಟು ಗುಣವಾಗದಿದ್ದರೆ ಹಳೆಯ ಔಷಧವಾದ ಕ್ಲೋಮಿಪ್ರಮಿನ್ ಇದೆ. ಅದಕ್ಕೆ ಹೃದಯದ ಇಸಿಜಿ ತಪಾಸಣೆ ಬೇಕಾಗಬಹುದು. ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲ್ ಅನ್ನು ಅಲ್ಪ ಪ್ರಮಾಣದಲ್ಲಿ ಜೊತೆಗೆ ಸೇರಿಸುವುದೂ ಉಂಟು. ಅದಕ್ಕೂ ಬಗ್ಗದಿದ್ದರೆ ತಲೆಯ ಹೊರಗಿನಿಂದ ಕಾಂತದ ಅಲೆಗಳನ್ನು ಹಾಯಿಸುವ ಚಿಕಿತ್ಸೆ ಇದೆ. ಅದಕ್ಕೆ ಮಂಪರು ಔಷಧ ಬೇಡ, ಕೆಲವು ವಾರ ಆಸ್ಪತ್ರೆಗೆ ಹೋಗಿಬರಬೇಕು. ಅಮೆರಿಕ 2018ರಲ್ಲಿ ಒಸಿಡಿಗೆ ಇದನ್ನು ಒಪ್ಪಿತು. ಮಿದುಳಿನ ಆಳದಲ್ಲಿ ತಂತಿ ಇರಿಸುವ ಶಸ್ತ್ರಚಿಕಿತ್ಸೆ, ಬೇರೆಲ್ಲ ಸೋತ ಕೆಲವೇ ಜನರಿಗೆ. 'ಕರೆಂಟ್ ಕೊಡುತ್ತಾರೆ' ಎಂಬ ಭಯ ಬೇಡ, ಆ ಚಿಕಿತ್ಸೆ ಒಸಿಡಿಗೆ ಸಾಮಾನ್ಯವಾಗಿ ಬಳಕೆಯಲ್ಲಿಲ್ಲ.

ಔಷಧದ ಜೊತೆ ವರ್ತನಾ ಚಿಕಿತ್ಸೆಯೂ ಅಷ್ಟೇ ಮುಖ್ಯ. ಸಂಶಯ ಬಂದರೂ ಮತ್ತೆ ತೊಳೆಯದೆ ಆ ತಳಮಳವನ್ನು ತಾಳುವ ಅಭ್ಯಾಸವದು. ಇಲ್ಲಿ ದೀನ್ ಚಿಕಿತ್ಸೆಯ ಪರವಾಗಿಯೇ ಇದೆ. ಸಂಶಯದಿಂದ ಖಚಿತವಾದುದು ಅಳಿಯುವುದಿಲ್ಲ ಎಂಬುದು ಫಿಕ್ಹಿನ ಪ್ರಸಿದ್ಧ ನಿಯಮ. ಪ್ರವಾದಿ(ಸ) ಒಂದು ಮುದ್ದ್, ಅಂದರೆ ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಇಮಾಮರು ರೋಗಿಗೆ ಒಮ್ಮೆ ಸ್ಪಷ್ಟವಾಗಿ 'ಮೂರು ಸಲ ಸಾಕು' ಎಂದು ಹೇಳಿದರೆ ವೈದ್ಯರ ಕೆಲಸ ಹಗುರಾಗುತ್ತದೆ.

ರಮಝಾನಿನಲ್ಲಿ ಏನು ಮಾಡಬೇಕು? ದಿನಕ್ಕೊಂದೇ ಸಲದ ಗುಳಿಗೆಯನ್ನು ಇಫ್ತಾರ್ ಅಥವಾ ಸಹರಿಯ ಹೊತ್ತಿಗೆ ಹೊಂದಿಸಬಹುದು. ಉಪವಾಸಕ್ಕೆ ಮುನ್ನವೇ ವೈದ್ಯರೊಡನೆ ಮಾತನಾಡಿ. ಕ್ಯಾಪ್ಸೂಲಿನ ಜಿಲೆಟಿನ್ ಬಗ್ಗೆ ಅಳುಕಿದ್ದರೆ ಗುಳಿಗೆ ರೂಪದ ಔಷಧ ಕೇಳಿ. ಅದಕ್ಕಾಗಿ ಔಷಧವನ್ನೇ ಬಿಡಬೇಡಿ.

ಎಲ್ಲಿಗೆ ಹೋಗಬೇಕು? ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಚಿಕ್ಕೋಡಿ, ರಾಯಬಾಗ, ಅಥಣಿಯವರು ತಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿ. ಕಾಗವಾಡದವರಿಗೆ ಮಿರಜ, ನಿಪ್ಪಾಣಿಯವರಿಗೆ ಕೊಲ್ಲಾಪುರದ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳೂ ಸಮೀಪ. ಬೆಳಗಾವಿಯ ಬಿಮ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಕಠಿಣ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಮನೆಯಿಂದಲೇ ಮಾತನಾಡಬೇಕೆಂದರೆ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು.

ಮನೆಯವರಿಗೆ ಒಂದು ಮಾತು. ಬೈಯಬೇಡಿ, ಗೇಲಿ ಮಾಡಬೇಡಿ. 'ಸ್ವಚ್ಛವಾಯಿತೇ?' ಎಂದು ಇಪ್ಪತ್ತು ಸಲ ಕೇಳಿದರೆ ಇಪ್ಪತ್ತು ಸಲ 'ಹೌದು' ಎನ್ನಲೂಬೇಡಿ, ಅದು ಗೀಳಿಗೆ ಹಾಕುವ ಮೇವು. 'ಇದು ಕಾಯಿಲೆಯ ಪ್ರಶ್ನೆ, ನಿನ್ನದಲ್ಲ' ಎಂದು ಮೆಲ್ಲಗೆ ಹೇಳಿ. ದುಆ ಮಾಡಿ, ಗುಳಿಗೆಯನ್ನೂ ಹೊತ್ತಿಗೆ ಸರಿಯಾಗಿ ಕೊಡಿ. ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ.