ಬಸ್ಸಾರಿನ ಸಂಜೆ

ಗೊರಗುಂಟೆಪಾಳ್ಯದಿಂದ ಪೀಣ್ಯದ ಕಡೆ ಹೋಗುವ ಒಳರಸ್ತೆಗಳಲ್ಲಿ ಸಂಜೆ ಗಾರ್ಮೆಂಟ್ಸ್ ಬಿಡುವ ಹೊತ್ತು. ಕೊರಳಲ್ಲಿ ಐಡಿ ಕಾರ್ಡು, ಹೆಗಲಲ್ಲಿ ಊಟದ ಬ್ಯಾಗು. ಗೇಟಿನಿಂದ ಹೊರಬಿದ್ದ ಹೆಂಗಸರು ಬಿರಬಿರನೆ ನಡೆಯುತ್ತಿದ್ದಂತೆ ರಸ್ತೆ ಬದಿಯ ವ್ಯಾಪಾರಿಗಳ ದನಿ ಏರುತ್ತದೆ. ಈರುಳ್ಳಿ, ಟೊಮೆಟೊ, ಒಣಮೀನು, ಪ್ಲಾಸ್ಟಿಕ್ ಬಳೆ. ಗೋಬಿ ಮಂಚೂರಿ ಗಾಡಿಯ ಬಾಣಲೆಯಿಂದ ಹೊಗೆ. ಅದರ ಪಕ್ಕದಲ್ಲೇ ಒದ್ದೆ ಗೋಣಿತಾಟಿನ ಮೇಲೆ ಸೊಪ್ಪು ಹರಡಿಕೊಂಡು ಕೂತ ಅಜ್ಜಿ, ನೆಲಮಂಗಲದಾಚೆಯ ಹಳ್ಳಿಯಿಂದ ಮಧ್ಯಾಹ್ನದ ಬಸ್ಸಿಗೆ ಬಂದವಳು.

ದಂಟು, ಕೀರೆ, ಸಬ್ಬಸಿಗೆ, ನುಗ್ಗೆ ಒಂದು ಕಡೆ. ಬೆರಕೆ ಸೊಪ್ಪು ಬೇರೆ ರಾಶಿ. ಅದನ್ನು ಯಾರೂ ಬಿತ್ತಿದ್ದಲ್ಲ. ಮಳೆ ಬಿದ್ದ ಮೇಲೆ ಬದುವಿನಲ್ಲಿ, ರಾಗಿ ಸಾಲುಗಳ ನಡುವೆ ತಾನಾಗಿ ಏಳುವ ಅಣ್ಣೆ, ಹೊನಗೊನ್ನೆ, ಗಣಿಕೆ, ಕನ್ನೆಸೊಪ್ಪನ್ನು ಕಳೆ ಕೀಳುವ ಕೈಗಳೇ ಎಳೆಯದಾಗಿ ಚಿವುಟಿ ಮಡಿಲಿಗೆ ಹಾಕಿಕೊಂಡಿರುತ್ತವೆ. ಯಾವುದನ್ನು ಚಿವುಟಬೇಕು, ಯಾವುದನ್ನು ಬಿಡಬೇಕು ಎಂಬುದು ಆ ಕೈಗಳಿಗೆ ಗೊತ್ತು.

“ಅಜ್ಜಿ, ಗಣಿಕೆ ಕಮ್ಮಿ ಐತಲ್ಲ?”

“ಮಳೆ ಎಲ್ಲೈತೆ ಕಣವ್ವ? ತಗಾ, ಇನ್ನೊಂದು ಹಿಡಿ. ಮೂರು ಕಟ್ಟು ಐವತ್ತು ಮಾಡ್ಕ.”

ಸೊಪ್ಪು ಕೊಂಡವಳ ಬಾಡಿಗೆ ಮನೆ ಎರಡು ಬೀದಿ ಆಚೆ. ಬೆಳಿಗ್ಗೆ ಹೊರಡುವ ಮುಂಚೆ ನೆನೆಹಾಕಿದ ಒಂದು ಲೋಟ ಹುರುಳಿಕಾಳು ಉಬ್ಬಿ ಕೂತಿದೆ. ಕಾಳು ಬೆಂದ ಮೇಲೆ, ಮೂರು ನೀರಿನಲ್ಲಿ ತೊಳೆದು ಹೆಚ್ಚಿದ ಸೊಪ್ಪು ಅದೇ ಪಾತ್ರೆಗೆ ಬೀಳುತ್ತದೆ. ಸೊಪ್ಪು ಮೆತ್ತಗಾದದ್ದೇ ತಡ, ಮುಚ್ಚಳ ಒತ್ತಿ ಹಿಡಿದು ಬಸಿಯುತ್ತಾಳೆ. ಕಂದು ಬಣ್ಣದ ಕಟ್ಟು ಒಂದು ಕಡೆ, ಕಾಳುಸೊಪ್ಪು ಇನ್ನೊಂದು ಕಡೆ. ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಒಣಮೆಣಸಿನಕಾಯಿ ಹುರಿದು, ಚೂರು ಕಾಯಿ, ಹುಣಸೆಹಣ್ಣು, ಒಂದು ಸೌಟು ಬೆಂದ ಕಾಳುಸೊಪ್ಪು ಸೇರಿಸಿ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಅದು ಬಸ್ಸಾರು. ಮಿಕ್ಕದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಬೇಯಿಸುವಿಕೆಗೆ ಎರಡು ಅಡುಗೆ. ನೀರಿಗಿಳಿದ ಬಿ ಗುಂಪಿನ ಜೀವಸತ್ವ, ಖನಿಜಗಳು ಮೋರಿಗೆ ಹೋಗದೆ ತಟ್ಟೆಗೇ ಬರುತ್ತವೆ. ಈ ಅಡುಗೆಯನ್ನು ಕಂಡುಕೊಂಡ ಹೆಂಗಸರು ಯಾವ ಪ್ರಯೋಗಾಲಯವನ್ನೂ ನೋಡಿದವರಲ್ಲ. ಅವರ ಜಾಣ್ಮೆಗೆ ನಾನು ಮನಸಾರೆ ತಲೆಬಾಗುತ್ತೇನೆ.

ಪಕ್ಕದ ಒಲೆಯಲ್ಲಿ ಎಸರು ಮರಳುತ್ತಿದೆ. ಹಿಟ್ಟು ಸುರಿದು, ಬೇಯಲು ಬಿಟ್ಟು, ಗಂಟಾಗದಂತೆ ಕೋಲಿನಲ್ಲಿ ತಿರುವಿ, ಕೈಗೆ ನೀರು ಹಚ್ಚಿಕೊಂಡು ಮುದ್ದೆ ಕಟ್ಟುತ್ತಾಳೆ. ರಾಗಿ ತವರಿನದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ಪಾಲಿಶ್ ಅಕ್ಕಿಯಲ್ಲಿ ಇರುವುದು 10ರ ಆಸುಪಾಸು. ಹುರುಳಿಯ ತೂಕದಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚು ಪ್ರೋಟೀನು. ಮೇಲೆ ಹಿಂಡಿಕೊಳ್ಳುವ ನಿಂಬೆಹಣ್ಣಿನ ಹುಳಿ, ಸೊಪ್ಪು ಕಾಳುಗಳ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ನಾಲ್ಕು ಜನರ ರಾತ್ರಿಯೂಟ ಹೆಚ್ಚೂಕಡಿಮೆ 100 ರೂಪಾಯಿಗೆ ಮುಗಿಯಿತು.

ಹಣದ ಲೆಕ್ಕ ಅಷ್ಟೇ. ಹೊತ್ತಿನ ಲೆಕ್ಕ ಬೇರೆ ಇದೆ. ಸೊಪ್ಪು ಬಿಡಿಸುವುದು ಸಣ್ಣ ಕೆಲಸವಲ್ಲ: ಎಲೆ ಎಲೆಯಾಗಿ ನೋಡಬೇಕು, ಹುಳು ಹಿಡಿದದ್ದು ತೆಗೆಯಬೇಕು, ಬಲಿತ ದಂಟು ಮುರಿದೆಸೆಯಬೇಕು. ದಿನವಿಡೀ ಹೊಲಿಗೆ ಮಷೀನಿನ ಮುಂದೆ ಕೂತು ಬಂದವಳ ಬೆನ್ನಿಗೆ ಅದು ಇನ್ನೊಂದು ಪಾಳಿ. ಗೋಬಿ ಗಾಡಿಯ ಮುಂದೆ ನಿಂತವಳಿಗೆ ಊಟದ ಬುದ್ಧಿ ಇಲ್ಲವೆಂದು ಹೇಳುವವರ ಮೇಲೆ ನನಗೆ ಕೋಪ ಬರುತ್ತದೆ. ಅವಳಿಗೆ ಇಲ್ಲದಿರುವುದು ಬಿಡುವು. ಅಗ್ಗದ ಒಳ್ಳೆಯ ಊಟಕ್ಕೆ ದುಡ್ಡಿನ ಬದಲು ಯಾರೋ ತಮ್ಮ ಹೊತ್ತು ತೆರುತ್ತಿರುತ್ತಾರೆ. ಅದು ಯಾರೆಂದು ಕೇಳದೆ ಪೌಷ್ಟಿಕ ಆಹಾರದ ಉಪದೇಶ ಮಾಡಬಾರದು.

ಈ ಮನೆಯಲ್ಲಿ ಸೊಪ್ಪು ಬಿಡಿಸುವವರು ಗಂಡ ಮತ್ತು ಏಳನೇ ಕ್ಲಾಸಿನ ಮಗ. ಟಿವಿ ಮುಂದೆ ಪೇಪರು ಹಾಸಿ ಕೂರುತ್ತಾರೆ. ಬೆರಕೆ ರಾಶಿಯಿಂದ ಒಂದೊಂದೇ ಎತ್ತಿ, “ಇದು ಅಣ್ಣೆ, ಇದು ಹೊನಗೊನ್ನೆ, ಇದೇನಪ್ಪ?” ಎಂದು ಹುಡುಗ ಕೇಳುತ್ತಾನೆ. ಗೊತ್ತಿಲ್ಲದ್ದು ಬಂದರೆ ಇಬ್ಬರೂ ಒಲೆಯ ಕಡೆ ತಿರುಗುತ್ತಾರೆ. ಹಾಗಾಗಿಯೇ ಇಲ್ಲಿ ವಾರಕ್ಕೆ ಎರಡು ಸಲವಾದರೂ ಬಸ್ಸಾರು.

ಉಳಿದ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಗೆ ಕಿವುಚಿ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಕುಡಿದಾಯಿತು. ಸಾರು, ಪಲ್ಯ, ಅನ್ನ ಡಬ್ಬಿಗೆ. ಮಧ್ಯಾಹ್ನದ ಅರ್ಧ ಗಂಟೆಯಲ್ಲಿ ಡಬ್ಬಿಗಳು ಕೈಯಿಂದ ಕೈಗೆ ದಾಟುತ್ತವೆ. ಒಡಿಶಾದಿಂದ ಬಂದು ಪಕ್ಕದ ಮಷೀನಿಗೆ ಸೇರಿರುವ ಹುಡುಗಿ ಪಲ್ಯದಲ್ಲಿ ಹೊನಗೊನ್ನೆ ಎಲೆ ಗುರುತು ಹಿಡಿದು, ತಮ್ಮೂರಿನಲ್ಲೂ ಇದನ್ನು ತಿನ್ನುತ್ತೇವೆ ಎಂದು ಹರುಕುಮುರುಕು ಕನ್ನಡದಲ್ಲಿ ಹೇಳುತ್ತಾಳೆ. ಆಮೇಲೆ, ಎಲ್ಲಿ ಸಿಗುತ್ತದೆ, ಕಟ್ಟಿಗೆ ಎಷ್ಟು ಎಂದು ವಿಚಾರಿಸುತ್ತಾಳೆ.