ರೊಟ್ಟಿಯ ವೇಷಕ್ಕೆ ರಟ್ಟು, ಹಳೆ ಧೋತರ ಸಾಕು

ಪ್ರಶ್ನೆ: ಶಾಲೆಯ ಛದ್ಮವೇಷ ಸ್ಪರ್ಧೆಗೆ ಮಗಳಿಗೆ ಕಬ್ಬಿನ ವೇಷ ಹಾಕುವ ಆಸೆ. ಹೊಲದ ಸೋಗೆಯನ್ನೇ ಸುತ್ತಬಹುದೇ?
– ಓದುಗರೊಬ್ಬರು, ಮುಧೋಳ

ಉತ್ತರ: ಸೋಗೆ ಬೇಡವೇ ಬೇಡ, ತಾಯಿ. ಅದರ ಅಂಚಿನಲ್ಲಿ ಗರಗಸದಂಥ ಸಣ್ಣ ಹಲ್ಲುಗಳಿವೆ, ಎಳೆಯ ಚರ್ಮ ಗೀರುತ್ತದೆ. ಕಟಾವಿಗೆ ಇಳಿಯುವ ದೊಡ್ಡವರೇ ತುಂಬುತೋಳಿನ ಅಂಗಿ ತೊಡುತ್ತಾರೆ. ಘಟಪ್ರಭೆಯ ನೀರುಂಡ ನಿಮ್ಮ ಸೀಮೆ ಕಬ್ಬಿನದೇ, ಒಪ್ಪಿದೆ. ಆದರೂ ನನ್ನ ಮನಸ್ಸು ಜೋಳದ ರೊಟ್ಟಿಯ ಕಡೆಗೆ.

ಭುಜದಿಂದ ಮೊಣಕಾಲಿನ ಮೇಲಿನವರೆಗೆ ಬರುವಂತೆ ರಟ್ಟಿನ ಎರಡು ದುಂಡು ಕತ್ತರಿಸಿ, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಹಳೆ ಧೋತರವನ್ನು ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ, ಒಣಗಿಸಿ ಅಂಟಿಸಿ. ರೊಟ್ಟಿಯ ಬಣ್ಣ ತಾನಾಗಿ ಬರುತ್ತದೆ. ಹಂಚಿನ ಸುಟ್ಟ ಕಲೆಗಳಿಗೆ ಕಾಫಿಪುಡಿಯನ್ನು ನೀರಲ್ಲಿ ಕಲಸಿ ಬೆರಳಿಂದ ಒತ್ತಿ. ಒಂದೇ ಅಳತೆಯ ಚುಕ್ಕೆ ಇಟ್ಟರೆ ರೊಟ್ಟಿ ಅನ್ನಿಸದು. ಕೆಲವು ದಟ್ಟ, ಕೆಲವು ಮಸುಕು, ಅಲ್ಲಲ್ಲಿ ಚದುರಿರಲಿ.

ಎರಡನ್ನೂ ಜೋಡಿಸಲು ದಾರ ಬೇಡ, ಹೆಗಲು ಕೊರೆಯುತ್ತದೆ. ಹಳೆಯ ಬನಹಟ್ಟಿ ಸೀರೆಯ ಅಂಚನ್ನು ಪಟ್ಟಿಯಾಗಿ ಹೊಲಿಯಿರಿ. ಅದು ಮೆತ್ತಗೂ ಇರುತ್ತದೆ, ನಿಮ್ಮ ಕಡೆಯ ನೇಕಾರರ ಕೈಕೆಲಸವೂ ವೇದಿಕೆ ಏರುತ್ತದೆ. ಕೊರಳಿಗೆ ಒಣಮೆಣಸಿನಕಾಯಿ ಸರ ಹಾಕುವುದಾದರೆ ಕೆಂಪು ಕಾಗದದ್ದೇ ಆಗಲಿ. ನಿಜವಾದದ್ದು ಮುಟ್ಟಿದ ಕೈ ಕಣ್ಣಿಗೆ ಹೋದರೆ ಉರಿ ತಪ್ಪದು. ಹಿಂದಿನ ದಿನವೇ ತೊಡಿಸಿ, ಮಗು ಕೂರಲು, ಮೆಟ್ಟಿಲು ಹತ್ತಲು ಆಗುತ್ತದೆಯೇ ನೋಡಿಕೊಳ್ಳಿ.